ಕಿವಿಗೆ ಎಷ್ಟು ಕರೆಂಟ್ ಬೇಕು? ಅಮ್ಮಂದಿರನ್ನು ಕೇಳಿಯೇ ಹೇಳುತ್ತೇನೆ

ನಾನು ಬೆಂಗಳೂರಿನಲ್ಲಿ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ. ಕಿವಿ ಕೇಳಿಸದ ಮಕ್ಕಳಿಗೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಮೆಷಿನ್ ಕಾಕ್ಲಿಯರ್ ಇಂಪ್ಲಾಂಟ್. ಅದು ಯಾವ ಮಗುವಿಗೆ ಎಷ್ಟು ಕರೆಂಟ್ ಕೊಡಬೇಕೆಂದು ಹೊಂದಿಸುವ ಮ್ಯಾಪಿಂಗ್ ನನ್ನ ಕೆಲಸ. ಆಪರೇಷನ್ ಆಗಿ ಕೆಲವು ವಾರ ಕಳೆದು ಗಾಯ ಒಣಗಿದ ಮೇಲೆ ಮೆಷಿನ್ ಆನ್ ಮಾಡುತ್ತೇವೆ. ಅವತ್ತೇ ಮಗು ಕರೆದರೆ ಓಗೊಡುತ್ತದೆ ಎಂದು ಅಜ್ಜಿ ತಾತ ಎಲ್ಲರೂ ಬಂದಿರುತ್ತಾರೆ. ಮಗು ಬೆಚ್ಚಿ ಅತ್ತರೂ ನನಗೆ ಖುಷಿಯೇ. ಕೇಳಿಸಿದೆ, ಅಲ್ವಾ?

ಶಬ್ದವನ್ನು ಹಿಡಿದು ನರಕ್ಕೆ ದಾಟಿಸುವ ಒಳಕಿವಿಯ ಕೂದಲು ಕೋಶಗಳು ಹಾಳಾಗಿದ್ದರೂ ನರ ಉಳಿದಿದ್ದರೆ, ಆ ನರಕ್ಕೆ ಚೂರೇ ಚೂರು ಕರೆಂಟ್ ಕೊಟ್ಟು ಶಬ್ದ ಕೇಳಿಸಬಹುದು. 1957ರಲ್ಲಿ ಪ್ಯಾರಿಸ್‌ನಲ್ಲಿ ಜೂರ್ನೊ ಮತ್ತು ಏರಿಯೆಸ್ ಎಂಬ ವೈದ್ಯರು ಇದನ್ನು ಮಾಡಿ ತೋರಿಸಿದರು. 1978ರಲ್ಲಿ ಮೆಲ್ಬರ್ನ್‌ನ ಸರ್ಜನ್ ಗ್ರೇಮ್ ಕ್ಲಾರ್ಕ್ ಹಲವು ಎಲೆಕ್ಟ್ರೋಡ್‌ಗಳ (ನರಕ್ಕೆ ಕರೆಂಟ್ ಮುಟ್ಟಿಸುವ ಪುಟ್ಟ ಲೋಹದ ಬಿಂದುಗಳ) ಇಂಪ್ಲಾಂಟ್ ಕೂರಿಸಿದರು. ಈಗ ಕಂಪನಿ ನೋಡಿಕೊಂಡು 12ರಿಂದ 22 ಎಲೆಕ್ಟ್ರೋಡ್ ಇರುತ್ತವೆ. ಸುಮಾರು 3,500 ಒಳ ಕೂದಲು ಕೋಶಗಳ ಕೆಲಸವನ್ನು ಅಷ್ಟರಲ್ಲೇ ಮಾಡಿಸಬೇಕು.

ಮೊದಲು ಇಂಪಿಡೆನ್ಸ್, ಅಂದರೆ ಎಲೆಕ್ಟ್ರೋಡ್‌ಗಳಲ್ಲಿ ಕರೆಂಟಿಗೆ ಎಷ್ಟು ತಡೆ ಇದೆ ಎಂದು ನೋಡುತ್ತೇನೆ. ಆಮೇಲೆ ಎಲೆಕ್ಟ್ರೋಡ್‌ಗಳಿಗೆ ಎರಡು ಮಟ್ಟ ಗೊತ್ತುಮಾಡಬೇಕು: ಎಷ್ಟು ಕರೆಂಟಿಗೆ ಕೇಳಿಸಲು ಶುರುವಾಗುತ್ತದೆ, ಎಷ್ಟರವರೆಗೆ ಹಿತವಾಗಿರುತ್ತದೆ. ದೊಡ್ಡವರು ಬಾಯಿಬಿಟ್ಟು ಹೇಳುತ್ತಾರೆ. ಮೂರು ವರ್ಷದ ಮಗುವಿಗೆ ಕೇಳಿಸಿದಾಗಲೆಲ್ಲ ಬಟ್ಟಲಿಗೆ ಮಣಿ ಹಾಕುವ ಆಟ ಕಲಿಸುತ್ತೇವೆ. ಒಂದು ವರ್ಷದ ಕೂಸಿನ ಮುಖವನ್ನೇ ನೋಡುತ್ತಾ ಕೂರಬೇಕು. ಆಡುವ ಕೈ ನಿಲ್ಲುತ್ತದೆ, ಹುಬ್ಬು ಏರುತ್ತದೆ, ಅಮ್ಮನ ಕಡೆ ತಿರುಗುತ್ತದೆ. "ಮೇಡಂ, ಇನ್ನೂ ಸ್ವಲ್ಪ ಜಾಸ್ತಿ ಇಡಿ" ಎಂದು ಅಪ್ಪಂದಿರು ಒತ್ತಾಯಿಸುತ್ತಾರೆ. ನಾನು ಇಡುವುದಿಲ್ಲ. ಒಮ್ಮೆ ಹೆದರಿದ ಮಗು ತಲೆಗೆ ಅಂಟಿಸಿದ ಮೆಷಿನ್ನಿನ ಹೊರಭಾಗವನ್ನು (ಕಾಯಿಲ್) ಕಿತ್ತು ಹಾಕುತ್ತಲೇ ಇರುತ್ತದೆ. ಕಮ್ಮಿಯಿಂದ ಶುರುಮಾಡಿ ಮೆಲ್ಲಗೆ ಏರಿಸುವುದೇ ಸರಿ.

ಎಷ್ಟು ಏರಿಸಬೇಕು ಎಂಬುದಕ್ಕೆ ಕಂಪ್ಯೂಟರ್ ಕೊಡುವ ಅಂಕಿಗಿಂತ ಮನೆಯ ಸುದ್ದಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಕುಕ್ಕರ್ ಕೂಗಿದರೆ ತಿರುಗುತ್ತಾ? ತರಕಾರಿ ಗಾಡಿಯ ಮೈಕಿಗೆ? ದಿನಾ ಬೆಳಿಗ್ಗೆ ಬಾಯಿ ಮರೆಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಹೇಳಿ ನೋಡಲು ಅಮ್ಮಂದಿರಿಗೆ ಕಲಿಸುತ್ತೇನೆ. ಒಬ್ಬ ತಾಯಿ, "ಎಲ್ಲಾ ಕೇಳುತ್ತೆ ಮೇಡಂ, 'ಸ್' ಮಾತ್ರ ಇಲ್ಲ. ಸಾಕು ಅನ್ನೋಕೆ ಆಕು ಅಂತಾಳೆ" ಎಂದರು. 'ಸ್'ನಂಥ ಕೀಚಲು ಶಬ್ದಗಳ ಜಾಗ ಕಾಕ್ಲಿಯಾದ, ಅಂದರೆ ಒಳಕಿವಿಯ ಸುರುಳಿಯ ಬುಡದಲ್ಲಿದೆ. ಅಲ್ಲಿನ ಎಲೆಕ್ಟ್ರೋಡ್‌ಗಳನ್ನು ಮತ್ತೆ ಪರೀಕ್ಷಿಸಿ ಸ್ವಲ್ಪ ಏರಿಸಿದೆ. ಮುಂದಿನ ಭೇಟಿಯ ಹೊತ್ತಿಗೆ 'ಸ್' ಎಂದರೆ ತಿರುಗುತ್ತಿದ್ದಳು. ನಾಲಿಗೆಗೆ ಬರಲು ಇನ್ನೂ ತಿಂಗಳುಗಳೇ ಹಿಡಿದವು.

ಸ್ಕೂಲಿಗಾಗಿ ಈಗಿನಿಂದಲೇ ಇಂಗ್ಲಿಷ್ ಮಾತಾಡಬೇಕಾ ಎಂದು ಇಲ್ಲಿ ಬಹಳ ಜನ ಕೇಳುತ್ತಾರೆ. ಬೇಡ. ನಿಮ್ಮ ಮನೆಮಾತು ಯಾವುದೋ ಅದರಲ್ಲೇ, ಸೊಪ್ಪು ಬಿಡಿಸುವಾಗ, ಸ್ನಾನ ಮಾಡಿಸುವಾಗ ಮಾತಾಡಿ. ಯಾವ ಶಬ್ದಕ್ಕೆ ತಿರುಗಿತು, ಯಾವುದಕ್ಕೆ ತಿರುಗಲಿಲ್ಲ ಎಂದು ಬರೆದಿಟ್ಟು ಮ್ಯಾಪಿಂಗ್‌ಗೆ ಬರುವಾಗ ತನ್ನಿ.