ಬ್ಯಾಟರಿಯಲ್ಲ, ಸೋರಿಕೆ: ಕಾರಿನ ಕರೆಂಟು ಎಲ್ಲಿ ಹೋಗುತ್ತಿತ್ತೆಂದು ಹುಡುಕಿದ್ದು

ದಿನಾ ಓಡಿಸಿದರೆ ಯಾವ ತಕರಾರೂ ಇಲ್ಲ. ಎರಡು ಮೂರು ದಿನ ನಿಂತರೆ ಸಾಕು, ಕೀಲಿ ತಿರುಗಿಸಿದಾಗ ಟಕ್ ಟಕ್ ಸದ್ದಷ್ಟೇ. ಕೇಳಿದವರೆಲ್ಲ ‘ಬ್ಯಾಟರಿ ಬದಲಾಯಿಸಿ’ ಎಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಬ್ಯಾಟರಿ ಹಳೆಯದಲ್ಲ; ಕಾರಿನಲ್ಲಿ ಎಲ್ಲೋ ಕರೆಂಟು ಸೋರುತ್ತಿದ್ದರೆ ಹೊಸದನ್ನೂ ಅದು ಹೀಗೆಯೇ ಹೀರಿಹಾಕುತ್ತದೆ.

ಮೊದಲು ಚಾರ್ಜಿಂಗ್ ಸರಿಯಿದೆಯೇ ಎಂದು ನೋಡಿದೆ. ಟರ್ಮಿನಲ್‌ಗಳನ್ನು ಉಜ್ಜಿ ಬಿಗಿ ಮಾಡಿ, ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್) ಹಿಡಿದಾಗ 14.2 ವೋಲ್ಟ್ ಬಂತು. 13.8ರಿಂದ 14.5ರ ನಡುವೆ ಇದ್ದರೆ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆದರೆ ಪೂರ್ತಿ ಚಾರ್ಜ್ ಆದಾಗ 12.6 ತೋರಿಸುತ್ತಿದ್ದ ಬ್ಯಾಟರಿ, ನಿಂತಲ್ಲೇ ನಿಂತು 12.2ಕ್ಕೆ ಇಳಿದಿತ್ತು. ಅಂದರೆ ಸುಮಾರು ಅರ್ಧ ಖಾಲಿ.

ಇನ್ನು ಸೋರಿಕೆಯನ್ನು ಅಳೆಯಬೇಕು. ಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ, ನೆಗೆಟಿವ್ ಕೇಬಲ್ಲಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಸೇರಿಸಿದೆ. ಪಾಸಿಟಿವ್ ಕಡೆ ಕೈಹಾಕಲಿಲ್ಲ; ಅಲ್ಲಿ ಪಾನಾ ಜಾರಿ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಕಾರು ಸ್ಟಾರ್ಟ್ ಮಾಡಬಾರದು. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಆ ಕ್ಷಣವೇ ಸುಡುತ್ತದೆ.

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಕೇಬಲ್ ಜೋಡಿಸಿದ ಕೂಡಲೇ ಮೀಟರ್ ಮೂರು ಆಂಪಿಯರ್ ತೋರಿಸಿತು. ಅದು ಸೋರಿಕೆಯಲ್ಲ, ಕಾರಿನೊಳಗಿನ ಕಂಪ್ಯೂಟರ್‌ಗಳು ಎಚ್ಚರವಾಗಿರುವ ಲಕ್ಷಣ. ಅವು ಒಂದೊಂದಾಗಿ ಮಲಗಲು ಅರ್ಧ ಗಂಟೆ, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು ಬೇಕು. ಫ್ಯೂಸ್ ಪೆಟ್ಟಿಗೆಗಾಗಿ ಚಾಲಕನ ಬಾಗಿಲು ತೆರೆದೇ ಇರಬೇಕಿತ್ತು. ಹಾಗಾಗಿ ಸ್ಕ್ರೂಡ್ರೈವರಿನಿಂದ ಅದರ ಲಾಕನ್ನು ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರು ನಂಬುವಂತೆ ಮಾಡಿದೆ. ಡಿಕ್ಕಿ ಮುಚ್ಚಿದೆ, ಕೀಲಿಯನ್ನು ದೂರ ಇಟ್ಟೆ. ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು 0.44ರಲ್ಲಿ ನಿಂತುಬಿಟ್ಟಿತು. ಮಲಗಿದ ಕಾರು ಸಾಮಾನ್ಯವಾಗಿ 0.05 ಆಂಪಿಯರ್ ದಾಟಬಾರದು. 0.44 ಎಂದರೆ ದಿನಕ್ಕೆ ಹತ್ತು ಆಂಪಿಯರ್-ಅವರ್‌ಗಿಂತ ಹೆಚ್ಚು. ನನ್ನದು 45 ಆಂಪಿಯರ್-ಅವರ್ ಬ್ಯಾಟರಿ. ನಾಲ್ಕು ದಿನ ನಿಂತರೆ ಏನೂ ಉಳಿಯುವುದಿಲ್ಲ.

ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ರೂಢಿ. ಆದರೆ ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಕಂಪ್ಯೂಟರ್ ಏಳುತ್ತದೆ, ಮತ್ತೆ ಕಾಯಬೇಕು. ಅದಕ್ಕೆ ಇನ್ನೊಂದು ಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಪ್ರತಿ ಫ್ಯೂಸಿನ ಬೆನ್ನಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮುಟ್ಟಿಸುತ್ತಾ ಹೋದೆ. ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ. ಒಂದರಲ್ಲಿ ಮಾತ್ರ ಮೂರು ಮಿಲಿವೋಲ್ಟ್ ಸುಮಾರು. ಅದೊಂದನ್ನು ಕಿತ್ತಾಗ ಸೋರಿಕೆ 0.03ಕ್ಕೆ ಬಿತ್ತು. ಎಷ್ಟು ಹಗುರವಾಯಿತು ಮನಸ್ಸು! (ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನಪಡಬೇಕು, ಅದರ ದಪ್ಪ ಕೇಬಲ್ ಈ ಸಣ್ಣ ಫ್ಯೂಸುಗಳ ಮೂಲಕ ಹಾದುಹೋಗುವುದಿಲ್ಲ.)

ಅದು ಒಳದೀಪಗಳ ಫ್ಯೂಸ್; ಡಿಕ್ಕಿಯ ದೀಪವೂ ಅದರಲ್ಲೇ. ಕಳೆದುಹೋಗುತ್ತಿದ್ದ 0.41 ಆಂಪಿಯರ್ ಅನ್ನು 12 ವೋಲ್ಟಿಗೆ ಗುಣಿಸಿದರೆ ಐದು ವ್ಯಾಟ್, ಸರಿಯಾಗಿ ಒಂದು ಚಿಕ್ಕ ಬಲ್ಬಿನಷ್ಟು. ಫ್ಯೂಸ್ ಮರಳಿ ಹಾಕಿ, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ ಮುಚ್ಚಿದ ಮೇಲೂ ದೀಪ ಉರಿಯುತ್ತಲೇ ಇತ್ತು. ಮುಚ್ಚಳದ ರಬ್ಬರ್ ಗುಬುಟು ಸವೆದು, ಸ್ವಿಚ್ಚಿನ ಕಡ್ಡಿಯನ್ನು ಪೂರ್ತಿ ಒತ್ತುತ್ತಿರಲಿಲ್ಲ.

ರಬ್ಬರ್ ಬದಲಾಯಿಸಿ, ಬ್ಯಾಟರಿಯನ್ನು ಚಾರ್ಜರಿನಲ್ಲಿ ನಿಧಾನವಾಗಿ ಪೂರ್ತಿ ತುಂಬಿಸಿದೆ. ಪದೇ ಪದೇ ತಳಮುಟ್ಟಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿ ಅದರ ಶಕ್ತಿ ಕುಗ್ಗುತ್ತದೆ. ಹಾಗಾಗಿ ಆಮೇಲೂ ಕೆಲವು ಬೆಳಿಗ್ಗೆ ವೋಲ್ಟ್ ಅಳೆದು ಬರೆದಿಟ್ಟೆ. 12.5ಕ್ಕಿಂತ ಕೆಳಗೆ ಇಳಿಯಲಿಲ್ಲ. ಅದೇ ಬ್ಯಾಟರಿ ಈಗಲೂ ಕಾರಿನಲ್ಲಿದೆ.