35 ದಾಟಿದ್ಮೇಲೆ ಮಗು ಪ್ಲಾನ್ ಮಾಡೋರು ಮಾಡ್ಕೋಬೇಕಾದ ಕೆಲ್ಸಗಳು

35 ಆದ್ಮೇಲೆ ಬಸುರಾದ್ರೆ ಫೈಲ್ ಮೇಲೆ ಹೈ ರಿಸ್ಕ್ ಅಂತ ಬರೆದ್ಬಿಡ್ತಾರೆ, ನೋಡಿ ಎದೆ ಒಡ್ಕೋಬೇಡಿ, ಸುಮಾರು ಜನಕ್ಕೆ ಆರಾಮಾಗೇ ಹೆರಿಗೆ ಆಗುತ್ತೆ. ಆದ್ರೆ ಟೈಮ್ ತಪ್ಪಿಸ್ಬಾರ್ದು.

ಬಸುರಾಗೋಕೆ ಮುಂಚೆನೇ ಶುಗರ್, ಬಿಪಿ, ಥೈರಾಯ್ಡ್ ಚೆಕ್ ಮಾಡಿಸಿ, ಕಡೇಪಕ್ಷ ಒಂದು ತಿಂಗಳು ಮೊದ್ಲಿಂದ ಫೋಲಿಕ್ ಆ್ಯಸಿಡ್ (ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ) ತಗೊಳ್ಳಿ. ಆರು ತಿಂಗಳು ಪ್ರಯತ್ನ ಪಟ್ರೂ ಬಸುರು ನಿಲ್ಲಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ, 40 ಆಗಿದ್ರೆ ಅಷ್ಟೂ ಕಾಯ್ಬೇಡಿ. ಗಂಡನ ಟೆಸ್ಟೂ ಆಗ್ಬೇಕು, ಮನೇಲಿ ಯಾರೂ ಆ ಮಾತೆತ್ತಲ್ಲ, ನೀವೇ ಎತ್ತಿ.

ಎಲ್ರೂ ಹೆದರೋದು ಡೌನ್ ಸಿಂಡ್ರೋಮ್‌ಗೆ, ಅಂದ್ರೆ ಒಂದು ಕ್ರೋಮೋಸೋಮ್ ಜಾಸ್ತಿ ಇದ್ದು ಮಗುವಿನ ಬೆಳವಣಿಗೆ, ಕಲಿಕೆ ನಿಧಾನ ಆಗೋ ಹುಟ್ಟು ತೊಂದರೆ. 25ನೇ ವಯಸ್ಸಲ್ಲಿ ಸುಮಾರು 1250ಕ್ಕೆ ಒಂದು, 35ಕ್ಕೆ 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದು, ಅಂದ್ರೆ 40ರಲ್ಲೂ ನೂರಕ್ಕೆ 99 ಮಕ್ಕಳಿಗೆ ಅದಿರಲ್ಲ. ಇದರ ರಿಸ್ಕ್ ಅಂದಾಜು ಮಾಡೋ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರು ಅಳೆಯೋ ಸ್ಕ್ಯಾನ್), ಡಬಲ್ ಮಾರ್ಕರ್ (ತಾಯಿ ರಕ್ತದ ಟೆಸ್ಟ್) ಎರಡೂ 11 ವಾರ ತುಂಬಿ 14 ಆಗೋದ್ರೊಳಗೆ ಆಗ್ಬೇಕು, ಆಮೇಲೆ ಹೋದ್ರೆ ಆ ಸ್ಕ್ಯಾನ್ ಮತ್ತೆ ಸಿಗಲ್ಲ, ಅದಕ್ಕೇ ಮೂರು ತಿಂಗಳು ತುಂಬೋವರ್ಗೂ ಯಾರಿಗೂ ಹೇಳ್ಬಾರ್ದು ಅನ್ನೋರು ಊರಿಗೆ ಹೇಳ್ದಿದ್ರೂ ಪರ್ವಾಗಿಲ್ಲ, ಡಾಕ್ಟರ್‌ಗೆ ಹೇಳಿ. ರಿಪೋರ್ಟಲ್ಲಿ ರಿಸ್ಕ್ ಜಾಸ್ತಿ ಅಂತ ಬಂದ್ರೆ ಮುಂದಿನ ಟೆಸ್ಟ್ ಬೇಕು ಅಂತರ್ಥ. ತಾಯಿ ರಕ್ತದಲ್ಲೇ ನೋಡೋ ಎನ್‌ಐಪಿಟಿ ಇದೆ, ದುಬಾರಿ, ಅದೂ ಅಂದಾಜೇ. ಖಾತ್ರಿ ಬೇಕಂದ್ರೆ 15 ವಾರ ಆದ್ಮೇಲೆ ಗರ್ಭದ ನೀರು ತೆಗೆದು ನೋಡೋ ಆಮ್ನಿಯೋಸೆಂಟೆಸಿಸ್. ಮಗುವಿನ ಅಂಗಾಂಗ ಸರಿಯಾಗಿ ಬೆಳೆದಿದೆಯಾ ಅಂತ ನೋಡೋ ಅನಾಮಲಿ ಸ್ಕ್ಯಾನ್ 18ರಿಂದ 20 ವಾರದಲ್ಲಿ.

ವಯಸ್ಸಾದ ಹಾಗೆ ಬಸುರಿ ಶುಗರ್, ಬಿಪಿ ಎರಡೂ ಜಾಸ್ತಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡ್ತಾರೆ, 140 ಅಥವಾ ಮೇಲಿದ್ರೆ ಶುಗರ್. ಮೊದಲ ಸಲ ನಾರ್ಮಲ್ ಬಂದ್ರೂ 24-28 ವಾರದಲ್ಲಿ ಮತ್ತೆ ಮಾಡಿಸಿ. ಇಬ್ಬರ ಊಟ ತಿನ್ನು ಅನ್ನೋ ಅಜ್ಜಿ ಮಾತಿಗೆ ತಲೆ ಆಡಿಸಿ, ತಟ್ಟೇಲಿ ಅನ್ನ ಕಮ್ಮಿ ಮಾಡಿ ಕಾಳು, ಸೊಪ್ಪು ಜಾಸ್ತಿ ಹಾಕ್ಕೊಳ್ಳಿ. ಬಿಪಿ 140/90 ಮುಟ್ಟಿದ್ರೆ, ತಲೆ ಸಿಡೀತಿದ್ರೆ, ಕಣ್ಣು ಮಂಜಾದ್ರೆ, ಮುಖ ಕೈ ಊದಿದ್ರೆ, ಮಗು ಒದೆಯೋದು ಕಮ್ಮಿ ಆದ್ರೆ ನಾಳೆ ಅನ್ಬೇಡಿ, ಅವತ್ತೇ ಆಸ್ಪತ್ರೆ.

ಸಿಸೇರಿಯನ್ ಚಾನ್ಸ್ ಜಾಸ್ತಿ, ನಿಜ. ಆದ್ರೆ ವಯಸ್ಸಾಗಿದೆ ಅನ್ನೋದೊಂದೇ ಕಾರಣಕ್ಕೆ ಆಪರೇಷನ್ ಅಂದ್ರೆ ಯಾಕೆ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ. ಖರ್ಚಿನ ಚಿಂತೆ ಇರೋರು ತಾಯಿ ಕಾರ್ಡ್ ಮಾಡಿಸ್ಕೊಳ್ಳಿ, ನಾಲ್ಕನೇ ತಿಂಗಳಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಡಾಕ್ಟರ್ ಫ್ರೀಯಾಗಿ ನೋಡ್ತಾರೆ.