ಚಳಿಗೆ ನಿಂತುಹೋದ ಬಿಯರ್ ಮತ್ತೆ ಹುದುಗಿತು

ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ಮೊದಲ ಸಲ ಕಿಟ್ ತಂದು ಬಿಯರ್ ಮಾಡಿದೆ. 1.7 ಕೆ.ಜಿ. ಮಾಲ್ಟ್ (ಮೊಳಕೆ ಬಾರ್ಲಿ) ಪಾಕದ ಡಬ್ಬಿ, 1 ಕೆ.ಜಿ. ಸಕ್ಕರೆ, ನೀರು ಸೇರಿ ಒಟ್ಟು 23 ಲೀಟರ್. ಎಲ್ಲ ಸಾಮಾನನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿ, ಯೀಸ್ಟ್ ಉದುರಿಸಿ, ಡ್ರಮ್ಮನ್ನು ಗ್ಯಾರೇಜಿನಲ್ಲಿಟ್ಟೆ. ಎರಡು ದಿನ ಏರ್‌ಲಾಕ್, ಅಂದರೆ ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿ ಒಳಬರದಂತೆ ತಡೆಯುವ ಮುಚ್ಚಳದ ನಳಿಗೆ, ಗುಳುಗುಳು ಅಂದಿತು. ಆಮೇಲೆ ಸದ್ದೇ ಇಲ್ಲ.

ಹುದುಗಿದ್ದು ಮುಗಿಯಿತು, ಬಾಟಲಿಗೆ ತುಂಬೋಣ ಅಂದುಕೊಂಡೆ. ಪುಣ್ಯಕ್ಕೆ ಮೊದಲು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟೆ. ಸಕ್ಕರೆ ಹುದುಗಿದಂತೆ ಅದರ ಅಂಕಿ ಇಳಿಯುತ್ತದೆ. ಶುರುವಿನಲ್ಲಿ 1.040 ಇದ್ದದ್ದು 1.022ರಲ್ಲಿ ನಿಂತಿತ್ತು, ಮರುದಿನವೂ ಅಷ್ಟೇ. ನಾಲಿಗೆಗೆ ಹಾಕಿದರೆ ಇನ್ನೂ ಸಿಹಿ. ಅಷ್ಟು ಸಿಹಿ ಉಳಿದಿರುವಾಗ ಬಾಟಲಿಗೆ ತುಂಬಿ ಮುಚ್ಚಳ ಒತ್ತಿದರೆ, ಒಳಗೇ ಹುದುಗಿ ಅನಿಲ ತುಂಬಿ ಗಾಜು ಸಿಡಿಯಬಹುದು. ಏರ್‌ಲಾಕ್ ಸದ್ದನ್ನು ನಂಬಲೇಬೇಡಿ.

ಡ್ರಮ್ಮಿಗೆ ಅಂಟಿಸಿದ್ದ ತಾಪಮಾನದ ಪಟ್ಟಿ 13 ಡಿಗ್ರಿ ತೋರಿಸುತ್ತಿತ್ತು. ನನ್ನ ಕಿಟ್ಟಿನದು ಏಲ್ ಅನ್ನೋ ಬಗೆಯ ಬಿಯರಿನ ಯೀಸ್ಟ್, ಅದಕ್ಕೆ 18ರಿಂದ 21 ಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಅಮ್ಮ ಪಾತ್ರೆಗೆ ಕಂಬಳಿ ಸುತ್ತಿ ಒಲೆ ಪಕ್ಕ ಇಡುತ್ತಿದ್ದದ್ದು ನೆನಪಾಯಿತು. ಡ್ರಮ್ಮನ್ನು ಮನೆಯೊಳಗೆ ತಂದು ದಪ್ಪ ಕಂಬಳಿ ಸುತ್ತಿದೆ. ತಳದ ಯೀಸ್ಟ್ ಏಳಲಿ ಅಂತ ಮುಚ್ಚಳ ತೆಗೆಯದೆ ಮೆಲ್ಲಗೆ ತಿರುಗಿಸಿದೆ. ಜೋರಾಗಿ ಕುಲುಕಬಾರದು, ಗಾಳಿ ಸೇರಿದರೆ ರುಚಿ ಕೆಡುತ್ತದೆ.

ಮರುದಿನ 19 ಡಿಗ್ರಿ, ಮತ್ತೆ ಗುಳ್ಳೆ! ಆರನೇ ದಿನಕ್ಕೆ 1.010ಕ್ಕೆ ಇಳಿಯಿತು. ಇನ್ನೆರಡು ದಿನ ಕದಲಲಿಲ್ಲ ಅಂತ ಖಾತ್ರಿಯಾದ ಮೇಲೆಯೇ 750 ಮಿ.ಲೀ. ಬಾಟಲಿಗೆ ನೊರೆಗುಳ್ಳೆ ಬರಲಿ ಅಂತ ತಲಾ 6 ಗ್ರಾಂ ಸಕ್ಕರೆ ಮಾತ್ರ ಹಾಕಿ ತುಂಬಿದೆ. ಎರಡು ವಾರ ಅವನ್ನೂ ಬೆಚ್ಚಗೇ ಇಟ್ಟಿದ್ದೆ. ಮೊದಲ ಬಾಟಲಿ ತೆರೆದಾಗ ಬಂದ ಆ ‘ಟಿಸ್’ ಸದ್ದು, ಲೋಟದಲ್ಲಿ ಎರಡು ಬೆರಳು ನೊರೆ!